ಮುನ್ನೂರು ಎಣಿಸುವಷ್ಟು ಹೊತ್ತು

ಸೋಮವಾರ ಬೆಳಗ್ಗೆ ಶಾಂತಿ ಮೇಡಂ ಎದ್ದು ಕೂತರು, ಕಣ್ಣು ಮಾತ್ರ ತೆರೆಯಲಿಲ್ಲ. ಎರಡೂ ಕಣ್ಣಿನ ರೆಪ್ಪೆಗಳು ಗೋಂದು ಹಚ್ಚಿ ಒತ್ತಿದ ಹಾಗೆ ಅಂಟಿಕೊಂಡಿದ್ದವು. ಗೋಡೆ ತಡವುತ್ತ ಬಚ್ಚಲಿಗೆ ಹೋಗಿ, ನೀರು ಚಿಮುಕಿಸಿಕೊಂಡು, ಕೂದಲು ಕೂದಲಾಗಿ ಬಿಡಿಸಿಕೊಂಡು ಕನ್ನಡಿ ನೋಡಿದರೆ, ಮೂರು ದಿನ ಅತ್ತು ನಾಲ್ಕನೇ ದಿನ ಜಗಳಕ್ಕೆ ಹೊರಟ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು.

ಶಾಂತಿ ಎನ್ನುವುದು ಅವರ ಹೆಸರಲ್ಲ, ಕಸುಬು. ಮಕ್ಕಳು ಬೆಂಚಿಗಾಗಿ, ಪೆನ್ಸಿಲ್ಲಿಗಾಗಿ, ಏನೂ ಇಲ್ಲದಿದ್ದರೆ ಸುಮ್ಮನೆ ಕೈಗೆ ಕೆಲಸ ಬೇಕೆಂದು ಹೊಡೆದಾಡಿಕೊಳ್ಳುತ್ತಾರಲ್ಲ, ಅದನ್ನು ಬೆತ್ತವಿಲ್ಲದೆ ಬಗೆಹರಿಸುವುದನ್ನು ಮೇಷ್ಟ್ರುಗಳಿಗೆ ಕಲಿಸುವುದು ಅವರ ಕೆಲಸ. ಹದಿನೆಂಟು ವರ್ಷದಿಂದ ಕಲಿಸಿ ಕಲಿಸಿ ಅಸಲು ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವತ್ತೇ ಹತ್ತು ಗಂಟೆಗೆ ಹೊಸ ತಂಡದ ಐದು ದಿನದ ತರಬೇತಿ ಶುರು. ನಲವತ್ತು ಜನ ಮೇಷ್ಟ್ರುಗಳ ಮುಂದೆ ಈ ಮುಖ ಹೊತ್ತು ಶಾಂತಿಯ ಮಾತಾಡುವುದು ಹೇಗೆ?

ಅವರ ಗಂಡ ಗಡಿಯಾರ ರಿಪೇರಿ ಮಾಡುವವರು. ಕೆಟ್ಟದ್ದು ಏನೇ ಇರಲಿ, ಮೊದಲು ಭೂತಗನ್ನಡಿ ಹಾಕಿಕೊಂಡು ನೋಡಬೇಕು ಎನ್ನುವುದು ಅವರ ಧರ್ಮ. ಹೆಂಡತಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಣ್ಣಿಗೆ ತಮ್ಮ ಪುಟ್ಟ ಕನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು.

"ರೆಪ್ಪೆಗೂದಲಿನ ಬುಡದಲ್ಲೆಲ್ಲ ಹೊಟ್ಟು ಕೂತಿದೆ ಕಣೇ. ಚಕ್ರದ ಹಲ್ಲಿನ ಸಂದೀಲಿ ಧೂಳು ಕೂರುತ್ತಲ್ಲ, ಹಾಗೆ. ಅಂಚೆಲ್ಲ ಊದಿದೆ. ಆ ಕಣ್ಣಿನ ಡಾಕ್ಟರು ದಿನಾ ರೆಪ್ಪೆ ತೊಳ್ಕೊಳ್ಳಿ ಅಂದಿದ್ರಲ್ಲ, ತೊಳ್ಕೊಂಡ್ಯಾ?"

"ಟೈಮ್ ಎಲ್ಲಿದೆ?"

"ಗಡಿಯಾರದ ಅಂಗಡಿಯವನ ಹೆಂಡ್ತಿ ಆಡೋ ಮಾತಾ ಇದು?" ಅವರು ಕನ್ನಡಿ ತೆಗೆದಿಟ್ಟರು. "ಎರಡು ಬೀದಿ ಆಚೆ ನಿನ್ನ ತಂಗಿ ಇದಾಳೆ. ರೆಪ್ಪೆ ಕಾಯಿಲೆಗೆ ಅಂತ ಎಲ್ಲೆಲ್ಲಿಂದಲೋ ಜನ ಅವಳ ಹತ್ರ ಬರ್ತಾರೆ. ಅಕ್ಕ ಮಾತ್ರ ಹೋಗಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದ್ರಾ?"

ಮೇಡಂ ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು. ತಂಗಿ ಅವರೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಆಯುರ್ವೇದ ಓದಿ, ಸ್ವಂತ ಕ್ಲಿನಿಕ್ ತೆರೆದ ವಾರದಿಂದಲೇ ಅವಳು ಮನೆಗೆ ಬರುವುದನ್ನು ನಿಲ್ಲಿಸಿದ್ದಳು. ಬೀದಿಯಲ್ಲಿ ಎದುರಾದರೆ ಔಷಧಿ ಅಂಗಡಿಯ ಬೋರ್ಡು ಓದುತ್ತ ದಾಟಿಹೋಗುತ್ತಿದ್ದಳು. ಕಾರಣ ಅಮ್ಮನ ಕನ್ನಡಿ ಅಲ್ಮೇರಾ ಎಂದು ಮೇಡಂ ತಾವೇ ತೀರ್ಮಾನಿಸಿದ್ದರು. ಅಮ್ಮ ಹೋದ ಮೇಲೆ ಅದನ್ನು ತಮ್ಮ ಮನೆಗೆ ಸಾಗಿಸಿಕೊಂಡಿದ್ದು ನಿಜ. ಒಮ್ಮೆ ಗಂಡನ ಕೈಲಿ, ಬೇಕಾದರೆ ಒಯ್ಯಲಿ ಎಂದು ಹೇಳಿ ಕಳಿಸಿದ್ದರು. 'ಅಲ್ಮೇರಾ ಬೇಡ' ಎಂದಷ್ಟೇ ಉತ್ತರ ಬಂದಿತ್ತು. ಹಾಗಾದರೆ ಏನು ಬೇಕು ಎಂದು ಇವರು ಕೇಳಲಿಲ್ಲ. ಸಾವಿರಾರು ಮೇಷ್ಟ್ರುಗಳಿಗೆ 'ಏನು ನೋವಾಯಿತು ಎಂದು ಕೇಳಿ' ಎಂದು ಕಲಿಸಿದ ಬಾಯಿ ಒಡಹುಟ್ಟಿದವಳ ಮುಂದೆ ಮಾತ್ರ ಬೀಗ ಹಾಕಿಕೊಂಡಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು. ಆದರೂ ಆ ಬೋರ್ಡು ಓದುವ ತಂಗಿಯ ಬೆನ್ನು ನೋಡಿದಾಗಲೆಲ್ಲ ಅವರ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ಎರಡು ಕೋಣೆ. ಹೊರಗಿನದರಲ್ಲಿ ಉದ್ದನೆಯ ಬೆಂಚು, ಒಳಗಿನದರಲ್ಲಿ ಎತ್ತರದ ಮರದ ಮಂಚ, ಒಲೆ, ಕಷಾಯ ಸೋಸುವ ಬಿಳಿ ಬಟ್ಟೆಗಳು ಸಾಲಾಗಿ ಒಣಗುವ ತಂತಿ. ತಂಗಿಯನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಇಲ್ಲಿ ಅವಳು ಡಾಕ್ಟರಮ್ಮ. ಅಕ್ಕನನ್ನು ಕಂಡು ಹುಬ್ಬು ಸಹ ಏರಿಸದೆ, ಹೊಸ ರೋಗಿಯ ಚೀಟಿ ತೆಗೆದಳು.

"ಹೆಸರು ಹೇಳಿ."

ಮೇಡಂಗೆ ನಗು ಬಂತು, ಎದುರಿನ ಮುಖ ನೋಡಿ ಇಂಗಿತು. ಹೆಸರು ಹೇಳಿದರು.

"ವಯಸ್ಸು?"

"ನಲವತ್ತೆಂಟು."

ಡಾಕ್ಟರಮ್ಮ ತುಟಿ ಪಿಟಕ್ಕೆನ್ನದೆ ಐವತ್ತು ಎಂದು ಬರೆದುಕೊಂಡಳು. ರೆಪ್ಪೆ ಮಗುಚಿ ನೋಡಿದಳು. ಉಜ್ಜಬೇಡಿ, ಕಾಡಿಗೆ ಬೇಡ, ಹುಳಿ ಖಾರ ಕಡಿಮೆ, ಐದು ದಿನ ತಪ್ಪದೆ ಬೆಳಗ್ಗೆ ಏಳೂವರೆಗೆ ಬನ್ನಿ. ಎಲ್ಲಾ 'ಬನ್ನಿ, ಹೋಗಿ'.

ಆಮೇಲೆ ಮಂಚದ ಮೇಲೆ ಮಲಗಿಸಿದಳು. ಬೆಚ್ಚಗಿನ ಕಷಾಯದಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟನ್ನೆಲ್ಲ ಮೆಲ್ಲಗೆ ಒರೆಸಿದಳು. ತ್ರಿಫಲ, ಮರದರಿಶಿನ, ಜ್ಯೇಷ್ಠಮಧು ಹಾಕಿ ಕುದಿಸಿ ನಾಲ್ಕು ಸಲ ಸೋಸಿದ ಇನ್ನೊಂದು ಕಷಾಯ ಮೂತಿಯುಳ್ಳ ಪುಟ್ಟ ಗಿಂಡಿಯಲ್ಲಿತ್ತು.

"ಕಣ್ಣು ಮುಚ್ಚಿ. ರೆಪ್ಪೆ ಮೇಲೆ ಧಾರೆ ಬಿಡ್ತೀನಿ. ಮುನ್ನೂರು ಎಣಿಸೋ ತನಕ ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ಮುಖ ಅಲ್ಲಾಡುತ್ತೆ, ಧಾರೆ ತಪ್ಪುತ್ತೆ."

"ಗಡಿಯಾರ ಇಟ್ಕೊಳ್ಳೋದಲ್ವಾ? ನಿಮ್ಮ ಭಾವನ ಅಂಗಡೀಲಿ..."

"ನಾವು ಬಾಯಲ್ಲೇ ಎಣಿಸೋದು. ಕಲಿಸಿದ ಗುರುಗಳು ಹಾಗೇ ಕಲಿಸಿದ್ದು. ಒಂದು, ಎರಡು..."

ಎಳೆಯಂಥ ಧಾರೆ ನಾಲ್ಕು ಬೆರಳಿನ ಎತ್ತರದಿಂದ ಮುಚ್ಚಿದ ರೆಪ್ಪೆಯ ಮೇಲೆ ಬಿತ್ತು. ತುರಿಕೆ ಅಲ್ಲೇ ಅಡಗಿತು. ನಾಲ್ಕು ವರ್ಷದಲ್ಲಿ ತಂಗಿಯ ಬಾಯಿಂದ ಕೇಳಿದ ಅತಿ ಉದ್ದನೆಯ ಮಾತು ಈ ಅಂಕಿಗಳೇ ಆದವಲ್ಲ ಎಂದು ಮೇಡಂ ಮನಸ್ಸಿನಲ್ಲೇ ನಗಾಡಿದರು. ಹೊರಡುವಾಗ ಬೆಂಚಿನ ಮೇಲಿದ್ದ ನಾಲ್ವರು ಅವರ ಮುಖ ನೋಡಿ ಪಾಪ ಎಂದು ಜರುಗಿ ದಾರಿ ಬಿಟ್ಟರು.

ತರಬೇತಿಯ ಹಾಲ್‌ನಲ್ಲೂ ಪರಿಸ್ಥಿತಿ ಹಾಗೇ ಇತ್ತು. ಕುರ್ಚಿಗಳನ್ನು ಗುಂಡಗೆ ಜೋಡಿಸಿ ನಲವತ್ತು ಜನ ಕೂತಿದ್ದರು. ಮೇಡಂ ಕೆಂಪು ಕಣ್ಣು ಹೊತ್ತು ಒಳಬಂದದ್ದೇ ತಡ, ಗಲಾಟೆಯೆಲ್ಲ ನಿಂತು ಗುಸುಗುಸು ಶುರುವಾಯಿತು. ಚಹಾದ ಬಿಡುವಿನ ಹೊತ್ತಿಗೆ ಅವರ ಮನೆಯಲ್ಲಿ ಒಂದು ಸಾವು, ಒಂದು ವಿಚ್ಛೇದನ, ಒಂದು ಕಳ್ಳತನ ನಡೆದುಹೋಗಿದ್ದವು. ರೆಪ್ಪೆ ಊದಿಕೊಂಡಿದೆ ಅಷ್ಟೇ ಎಂದು ಎಷ್ಟು ಹೇಳಿದರೂ, 'ಎಷ್ಟು ಧೈರ್ಯ ನೋಡಿ' ಎಂಬಂತೆ ತಲೆಯಾಡಿಸಿದರು.

ಮೊದಲ ದಿನದ ಪಾಠದಲ್ಲಿ ಎರಡೇ ನಿಯಮ. ನೊಂದವರು ಮೂರು ನಿಮಿಷ ಮಾತಾಡುವಾಗ ಎದುರಿನವರು ಬಾಯಿ ತೆರೆಯಬಾರದು, ಇದು ಒಂದು. ಇದನ್ನು ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ರಂಪವಾಯಿತು. ತರಗತಿಯ ಮುಂದೆ ಮಗುವಿಗೆ ಅವಮಾನ ಮಾಡಿದರೆ ತರಗತಿಯ ಮುಂದೆಯೇ ಕ್ಷಮೆ ಕೇಳಬೇಕು, ಸ್ಟಾಫ್ ರೂಮಿಗೆ ಕರೆದು ಬೆನ್ನು ತಟ್ಟಿದರೆ ಸಾಲದು.

ಗಣಿತದ ಮೇಷ್ಟ್ರು ಎದ್ದು ನಿಂತರು. ತೆಳ್ಳಗೆ, ನೆಟ್ಟಗೆ, ಒಂದು ಅಂಕಿಯ ಹಾಗಿದ್ದರು. "ಮಕ್ಕಳ ಮುಂದೆ ಮೇಷ್ಟ್ರು ತಪ್ಪಾಯ್ತು ಅಂದ್ರೆ ನಾಳೆಯಿಂದ ಬೋರ್ಡ್ ಒರೆಸೋನೂ ನನ್ನ ಮಾತು ಕೇಳಲ್ಲ ಮೇಡಂ."

"ಕೇಳ್ತಾನೆ. ನಾಲ್ಕು ಜನರ ಮುಂದೆ ಅಂದಿದ್ದನ್ನ ನಾಲ್ಕು ಜನರ ಮುಂದೇನೇ ವಾಪಸ್ ತಗೋಬೇಕು."

"ನೀವು ಯಾವತ್ತಾದ್ರೂ ಹಾಗೆ ಮಾಡಿದೀರಾ?"

ಕೇಳಿದ್ದು ಕುಹಕದಿಂದಲ್ಲ. ಲೆಕ್ಕದ ಮೇಷ್ಟ್ರು, ಉದಾಹರಣೆ ಕೇಳಿದರು, ಅಷ್ಟೇ. ಮೇಡಂ ನಲವತ್ತು ಮುಖ ನೋಡಿದರು. "ಓಹೋ, ಮಾಡಿದೀನಿ," ಎಂದುಬಿಟ್ಟರು. ಉರಿಯುವ ಕಣ್ಣಿನಿಂದ ನೀರಿಳಿಯಿತು. ನಲವತ್ತು ಜನವೂ ಮರುಗಿದರು. ಸುಳ್ಳಿಗೆ ಇಷ್ಟು ಒಳ್ಳೆಯ ಸಾಕ್ಷಿ ಯಾರಿಗೂ ಸಿಕ್ಕಿರಲಾರದು.

ಮಂಗಳವಾರ ರೆಪ್ಪೆ ಅಂಟಲಿಲ್ಲ. ಬುಧವಾರ ಊತ ಅರ್ಧ ಇಳಿಯಿತು. ಧಾರೆ ಮುಗಿದ ಮೇಲೆ ಡಾಕ್ಟರಮ್ಮ ರೆಪ್ಪೆಗೂದಲಿಗೆ ತಾಗದ ಹಾಗೆ ರೆಪ್ಪೆಯ ಮೇಲೆ ತಂಪಾದ ಲೇಪ ಹಚ್ಚಿ, ಅದು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ತೆಗೆಯುತ್ತಿದ್ದಳು. ಅವಳ ಕೈ ಎಷ್ಟು ಹಗುರವೆಂದರೆ, ಇವಳಿಗೆ ನನ್ನ ಮೇಲೆ ಸಿಟ್ಟಿದೆಯೇ ಎಂದು ಅನುಮಾನವಾಗುತ್ತಿತ್ತು. ಆ ಧೈರ್ಯದಲ್ಲೇ ಬುಧವಾರ ಮೇಡಂ ಬಾಯಿ ಬಿಟ್ಟರು.

"ನೋಡು ಗುಬ್ಬಿ, ಆ ಅಲ್ಮೇರಾ ವಿಷಯ..."

"ಲೇಪ ಇದೆ, ಮಾತಾಡಬೇಡಿ."

ಲೇಪ ಆಗಲೇ ತೆಗೆದಾಗಿತ್ತು.

ಅವತ್ತು ಮಧ್ಯಾಹ್ನ ತರಬೇತಿಯಲ್ಲಿ ಗಣಿತದ ಮೇಷ್ಟ್ರು ಮತ್ತೆ ಕೈಯೆತ್ತಿದರು. ಅವರ ತರಗತಿಯಲ್ಲೊಬ್ಬಳು ಹುಡುಗಿ. ಎರಡು ವರ್ಷದ ಹಿಂದೆ ಎಲ್ಲರ ಮುಂದೆ ಅವಳನ್ನು ದಡ್ಡಿ ಎಂದಿದ್ದರಂತೆ. ಅಂದಿನಿಂದ ಅವಳು ಇವರ ಕಡೆ ತಲೆಯೆತ್ತಿ ನೋಡಿಲ್ಲವಂತೆ. "ಶುಕ್ರವಾರದೊಳಗೆ ನೀವು ಕ್ಷಮೆ ಕೇಳಿದ ಕಥೆ ಹೇಳಿ ಮೇಡಂ. ಹೇಗೆ ಶುರು ಮಾಡಬೇಕು ಅಂತ ಗೊತ್ತಾಗ್ತಿಲ್ಲ," ಎಂದರು. ಆ ನೆಟ್ಟಗಿನ ಮನುಷ್ಯ ಕೇಳಿಬಿಟ್ಟು, ಪೆನ್ನು ಬಿಚ್ಚಿ ಕಾದರು. ಮೇಡಂ ಬೇಗಬೇಗ ಅವತ್ತಿನ ಪಾಠ ಮುಗಿಸಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ತಮ್ಮನ್ನು ತಾವೇ ಬೈದುಕೊಂಡು ಮನೆಗೆ ಹೋದರು.

ಗುರುವಾರ ಮಂಚದ ಮೇಲೆ ಮಲಗುವ ಮೊದಲು ಅವರು ತಂಗಿಯ ಕೈಲಿದ್ದ ಗಿಂಡಿ ಹಿಡಿದುಕೊಂಡರು.

"ನಾನು ನಿನಗೆ ಏನು ಮಾಡಿದೆ ಅಂತ ನಿಜವಾಗ್ಲೂ ಗೊತ್ತಿಲ್ಲ. ಅಲ್ಮೇರಾ ಅಲ್ಲ ಅನ್ನೋದು ಗೊತ್ತಾಯ್ತು. ನೀನು ಹೇಳು. ಮುನ್ನೂರು ಎಣಿಸೋ ತನಕ ನಾನು ಬಾಯಿ ಬಿಡಲ್ಲ."

"ನೀವು? ಬಾಯಿ ಬಿಡಲ್ವಾ?"

"ಬಿಟ್ರೆ ಧಾರೆ ಮೂಗಿಗೆ ಬಿಡು."

ಮಲಗಿದರು, ಕಣ್ಣು ಮುಚ್ಚಿದರು. ಧಾರೆ ಶುರುವಾಯಿತು. ಒಂದು, ಎರಡು, ಮೂರು. ಮೂವತ್ತಾಯಿತು. ನಲವತ್ತಾಯಿತು. ಇವಳು ಹೇಳುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಎಣಿಕೆ ನಿಂತಿತು, ಧಾರೆ ನಿಲ್ಲಲಿಲ್ಲ.

"ನಲವತ್ತೊಂದು. ಈ ಕ್ಲಿನಿಕ್ ಶುರುವಾದ ದಿನ ನಾಲ್ಕು ಮಾತಾಡಿ ಅಂತ ನಿಮ್ಮ ಕೈಗೆ ಮೈಕ್ ಕೊಟ್ಟೆ. ನೂರು ಜನ ಇದ್ರು. ನನ್ನ ಗುರುಗಳು ಇದ್ರು, ಮೊದಲನೇ ದಿನದ ರೋಗಿಗಳು ಇದ್ರು. ನೀವು ಏನಂದ್ರಿ ನೆನಪಿದೆಯಾ? ನನ್ನ ತಂಗಿ ರಸಾಯನಶಾಸ್ತ್ರದಲ್ಲಿ ಎರಡು ಸಲ ಫೇಲು, ಈಗ ಕಷಾಯ ಕಾಯಿಸ್ತಾಳಂತೆ, ಕುಡಿಯೋರು ಹುಷಾರು ಅಂದ್ರಿ."

ಅಯ್ಯೋ, ತಮಾಷೆಗೆ ಅಂದದ್ದು! ಮಾತು ಗಂಟಲಿಗೆ ಬಂತು. ಮೇಡಂ ಹಲ್ಲು ಕಚ್ಚಿದರು.

"ಎಲ್ಲಾ ನಕ್ರು. ಭಾವ ಕುರ್ಚಿ ತಟ್ಕೊಂಡು ನಕ್ರು. ಒಂದು ತಿಂಗಳು ಬಂದೋರೆಲ್ಲ, ಇದನ್ನ ಕುಡಿಬಹುದು ತಾನೆ ಡಾಕ್ಟರಮ್ಮ ಅಂತ ಕೇಳಿ ನಗೋರು. ಅದನ್ನಾದ್ರೂ ನುಂಗ್ಕೋತಿದ್ದೆ ಅಕ್ಕಾ. ನಾನು ಯಾಕೆ ಫೇಲಾದೆ?"

ಧಾರೆ ಬಲಗಣ್ಣಿಂದ ಎಡಗಣ್ಣಿಗೆ ಹೋಯಿತು.

"ಅಮ್ಮ ಆಸ್ಪತ್ರೇಲಿದ್ದ ಎರಡು ವರ್ಷ. ನಿನಗೆ ಟೀಚರ್ ಟ್ರೈನಿಂಗ್ ಪರೀಕ್ಷೆ ಇತ್ತು. ಗುಬ್ಬಿ ಚಿಕ್ಕೋಳು, ಅವಳು ಮುಂದಿನ ಸಲ ಬರೀಬಹುದು, ದೊಡ್ಡೋಳು ಪಾಸಾಗಿ ಕೆಲಸ ಹಿಡೀಲಿ ಅಂದ್ರು ಅಪ್ಪ. ಹ್ಞೂಂ ಅಂದೆ. ಅಮ್ಮನ ಹಾಸಿಗೆ ಪಕ್ಕದ ಸ್ಟೂಲ್ ಮೇಲೆ ಕೂತು ಓದಿದ್ದು ತಲೆಗೆ ಹೋಗಲಿಲ್ಲ. ನೀನು ಫಸ್ಟ್ ಕ್ಲಾಸ್. ನಾನು ಫೇಲಾಗಿದ್ದು ನಿನಗೆ ನೆನಪಿದೆ, ಯಾಕೆ ಅನ್ನೋದು ಮರೆತುಹೋಯ್ತು. ಇಷ್ಟೇ. ಮುನ್ನೂರು."

ನಲವತ್ತೊಂದಕ್ಕೂ ಮುನ್ನೂರಕ್ಕೂ ನಡುವೆ ಒಂದು ಅಂಕಿಯೂ ಇರಲಿಲ್ಲ. ಗಿಂಡಿ ಯಾವಾಗಲೋ ಬರಿದಾಗಿತ್ತು. ಮೇಡಂ ಮಲಗಿಯೇ ಇದ್ದರು. ಕೆನ್ನೆಯ ಮೇಲೆ ಹರಿಯುತ್ತಿದ್ದುದು ಕಷಾಯವೋ ಕಣ್ಣೀರೋ ಹೇಳುವಂತಿರಲಿಲ್ಲ, ಆದರೆ ಕಷಾಯ ನಿಂತ ಮೇಲೂ ಹರಿಯಿತು. ಅವರಿಗೆ ಎಲ್ಲ ನೆನಪಾಯಿತು. ಆ ಸ್ಟೂಲು, ಅದರ ಕೆಳಗೆ ಮಗುಚಿ ಬಿದ್ದಿರುತ್ತಿದ್ದ ಪುಸ್ತಕ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವರಿಗೆ ಜೀವಮಾನದಲ್ಲಿ ಇಷ್ಟು ನಾಚಿಕೆಯಾಗಿರಲಿಲ್ಲ.

"ಗುಬ್ಬೀ..."

"ಹೊರಗೆ ಜನ ಕಾಯ್ತಿದಾರೆ," ಎಂದು ಡಾಕ್ಟರಮ್ಮ ಮೂಗೊರೆಸಿಕೊಂಡು ಹೊರಟೇಹೋದಳು.

ಹತ್ತು ಗಂಟೆಗೆ ಮೇಡಂ ಹಾಲ್‌ನಲ್ಲಿ ನಿಂತು, ಪೀಠಿಕೆಯಿಲ್ಲದೆ ಹೇಳಿದರು: "ಸೋಮವಾರ ಸುಳ್ಳು ಹೇಳಿದೆ. ನಾನು ಯಾರ ಹತ್ರಾನೂ ಎಲ್ಲರ ಮುಂದೆ ಕ್ಷಮೆ ಕೇಳಿಲ್ಲ." ನಡೆದದ್ದೆಲ್ಲ ಹೇಳಿದರು. ನಾಳೆ ಬೆಳಗ್ಗೆ ಕ್ಲಿನಿಕ್ಕಿನ ಬೆಂಚಿನವರ ಮುಂದೆ ಕೇಳುತ್ತೇನೆ ಎಂದರು.

ಗಣಿತದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಬೆಂಚಿನ ಮೇಲೆ ಎಷ್ಟು ಜನ ಇರ್ತಾರೆ?"

"ನಾಲ್ಕೈದು."

"ನೂರು ಜನರ ಮುಂದೆ ಅಂದಿದ್ದನ್ನ ಐದು ಜನರ ಮುಂದೆ ವಾಪಸ್ ತಗೊಂಡ್ರೆ ತೊಂಬತ್ತೈದು ಬಾಕಿ ಉಳಿಯುತ್ತೆ ಮೇಡಂ."

ಶುಕ್ರವಾರ ಏಳೂವರೆಗೆ ಕ್ಲಿನಿಕ್ಕಿನ ಬಾಗಿಲು ತೆರೆದ ಡಾಕ್ಟರಮ್ಮ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಬೀದಿಯವರೆಗೆ ಜನ. ನಲವತ್ತು ಮೇಷ್ಟ್ರುಗಳು ನೋಟ್‌ಬುಕ್ ಹಿಡಿದು ಸಾಲಾಗಿ ನಿಂತಿದ್ದರು. ಅವರ ಹಿಂದೆ ಔಷಧಿ ಅಂಗಡಿಯವರು, ದರ್ಜಿ, ಅವತ್ತು ಬಂದು ನಕ್ಕು ಹೋಗಿದ್ದ ಅಕ್ಕಪಕ್ಕದವರೆಲ್ಲ ಇದ್ದರು. ಅವರನ್ನೆಲ್ಲ ಮನೆಮನೆಗೆ ಹೋಗಿ ಕರೆತಂದ ಗಡಿಯಾರದವರು ಎಲ್ಲರಿಗಿಂತ ಹಿಂದೆ ತಲೆತಗ್ಗಿಸಿ ನಿಂತಿದ್ದರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ತಾವೇ ಎನ್ನುವುದು ಅವರಿಗೆ ಮರೆತಿರಲಿಲ್ಲ.

"ಇಷ್ಟು ಜನಕ್ಕೂ ಒಂದೇ ದಿನ ಕಣ್ಣುನೋವಾ?" ಎಂದಳು ಡಾಕ್ಟರಮ್ಮ.

ಮೇಡಂ ಮೆಟ್ಟಿಲ ಮೇಲೆ ನಿಂತರು. ಹದಿನೆಂಟು ವರ್ಷದಿಂದ ಯಾವ ಭಾಷಣವನ್ನೂ ತಮಾಷೆಯಿಲ್ಲದೆ ಶುರು ಮಾಡಿದವರಲ್ಲ. ಇವತ್ತು ಶುರು ಮಾಡಲು ಏನೂ ಸಿಗದೆ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು.

"ನಾಲ್ಕು ವರ್ಷದ ಹಿಂದೆ ಇಲ್ಲೇ ನಿಂತು, ನನ್ನ ತಂಗಿ ಎರಡು ಸಲ ಫೇಲು ಅಂತ ನಿಮಗೆ ಹೇಳಿದ್ದೆ. ಯಾಕೆ ಅಂತ ಹೇಳಲಿಲ್ಲ. ಆ ಎರಡು ವರ್ಷ ಅವಳು ಆಸ್ಪತ್ರೇಲಿ ನಮ್ಮಮ್ಮನ್ನ ನೋಡ್ಕೊಂಡಳು, ನಾನು ಪಾಸಾಗಲಿ ಅಂತ. ನಾನು ಪಾಸಾದೆ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆ ಮೇಲೆ ತೂಗುಹಾಕಿದೀನಿ. ಅದರಲ್ಲಿ ಅರ್ಧ ಇವಳದು. ಅದನ್ನ ಮುಚ್ಚಿಟ್ಟು, ಇವಳು ಫೇಲಾಗಿದ್ದನ್ನ ಮಾತ್ರ ಹೇಳಿ ನಿಮ್ಮನ್ನ ನಗಿಸಿದೆ. ತಪ್ಪಾಯ್ತು ಗುಬ್ಬಿ. ಎಲ್ಲರ ಮುಂದೆ ಹೇಳ್ತಿದೀನಿ, ತಪ್ಪಾಯ್ತು."

ದರ್ಜಿ ಟೊಪ್ಪಿ ತೆಗೆದು ಕೈಲಿ ಹಿಡಿದುಕೊಂಡ. ಗಣಿತದ ಮೇಷ್ಟ್ರು ನೋಟ್‌ಬುಕ್ ಬಿಡಿಸಿದ್ದರು, ಏನೂ ಬರೆಯಲಿಲ್ಲ. ಡಾಕ್ಟರಮ್ಮ ಬಾಗಿಲಿನ ಚಿಲಕ ಹಿಡಿದುಕೊಂಡು ಅಕ್ಕನನ್ನು ನೋಡಿದಳು. ಈ ಸಲ ಓದಲು ಯಾವ ಬೋರ್ಡೂ ಇರಲಿಲ್ಲ.

"ಬಿಸಿಲಲ್ಲಿ ನಿಂತು ಕಣ್ಣು ಮತ್ತೆ ಕೆಂಪು ಮಾಡ್ಕೊಂಡಿದೀಯ," ಎಂದಳು ಕೊನೆಗೆ. "ಒಳಗೆ ಬಾ, ಮಲ್ಕೋ. ಇವತ್ತಿನ ಮುನ್ನೂರು ಬಾಕಿ ಇದೆ."

ಒಳಗೆ ಕಷಾಯ ಹದವಾಗಿ ಆರಿತ್ತು. ಮೇಡಂ ಮಲಗಿ ಕಣ್ಣು ಮುಚ್ಚಿದರು. ರೆಪ್ಪೆಯ ಅಂಚಿನಲ್ಲಿ ಈಗ ಹೊಟ್ಟಿಲ್ಲ, ತುರಿಕೆಯಿಲ್ಲ. ಹೊರಗೆ ಗಣಿತದ ಮೇಷ್ಟ್ರು, ಇವತ್ತು ಅರ್ಧ ದಿನ ರಜೆ ಸಿಕ್ಕರೆ ಶಾಲೆಗೆ ಹೋಗಿ ಬರುತ್ತೇನೆ, ಒಬ್ಬಳನ್ನು ನೋಡಬೇಕು ಎಂದು ಯಾರಿಗೋ ಹೇಳುತ್ತಿದ್ದರು. ಧಾರೆ ಬಿತ್ತು. ಒಂದು, ಎರಡು, ಮೂರು. ತಂಗಿಯ ದನಿ ಎಣಿಸುತ್ತ ಎಣಿಸುತ್ತ ಮೆತ್ತಗಾಯಿತು. ನೂರು ದಾಟಿತು. ಇನ್ನೂರು ದಾಟಿತು. ಇನ್ನೂರ ಅರವತ್ತರ ಹತ್ತಿರ ಬಂದಾಗ ಮೇಡಂಗೆ ತಡೆಯಲಾಗಲಿಲ್ಲ. ಐದು ದಿನ ಹಿಡಿದಿಟ್ಟದ್ದೇ ಹೆಚ್ಚು.

"ಹಾಗಾದ್ರೆ ಅಲ್ಮೇರಾ ನಿಜವಾಗ್ಲೂ ಬೇಡ್ವಾ?"

ಗುಬ್ಬಿ ಕಿಸಕ್ಕೆಂದಳು. ಆಮೇಲೆ ಜೋರಾಗಿ, ಚಿಕ್ಕಂದಿನ ಹಾಗೆ ಬಿಕ್ಕಳಿಕೆ ಬರುವಷ್ಟು ನಕ್ಕಳು. ಗಿಂಡಿ ಅಲ್ಲಾಡಿತು. ಧಾರೆ ಹಣೆ ಹತ್ತಿ, ಕೂದಲಿಗಿಳಿದು, ಸೀದಾ ಮೇಡಂ ಕಿವಿಯೊಳಗೆ ಹೋಯಿತು.

"ಮಾತಾಡಬೇಡ ಅಂದಿದ್ನಾ ಇಲ್ವಾ? ಎಣಿಕೆ ತಪ್ಪಿಹೋಯ್ತು ನೋಡು!"

"ಎಷ್ಟಾಗಿತ್ತು?"

"ಯಾರಿಗೆ ಗೊತ್ತು," ಎಂದು ಗುಬ್ಬಿ ಸೆರಗಿನಿಂದ ಅಕ್ಕನ ಕಿವಿ ಒರೆಸಿ, ಗಿಂಡಿಯನ್ನು ಮತ್ತೆ ತುಂಬಿಕೊಂಡಳು. "ಕಣ್ಣು ಮುಚ್ಚು. ಒಂದು..."